ಚಿಂಚೋಳಿ ಕಾಡಿಗೆ ಹೊರಟ ಎಂಟು ಜನರ ಔಷಧಿ ಚೀಲ

ಪ್ರಶ್ನೆ: ನಾವು ಕಲಬುರಗಿಯ ಎಂಟು ಜನ ಸ್ನೇಹಿತರು. ಯುಗಾದಿ ಆದ ಮೇಲೆ ಚಿಂಚೋಳಿ ಕಾಡಿನಲ್ಲಿ, ಚಂದ್ರಂಪಳ್ಳಿ ಡ್ಯಾಮಿನ ಸುತ್ತಮುತ್ತ ಎರಡು ದಿನ ನಡೆದಾಡಿ ಒಂದು ರಾತ್ರಿ ಉಳಿಯುವ ಯೋಚನೆ ಇದೆ. ವಯಸ್ಸು 22ರಿಂದ 54. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಗೋತಾರೆ. ಒಳಗೆ ಹೋದರೆ ಫೋನ್ ಸಿಗೋದಿಲ್ಲ ಅಂತಾರೆ. ಹಿಂದೆ ಹಂದಿ ಬೇಟೆಗೆ ಹೋಗುತ್ತಿದ್ದ ಊರಿನ ಹಿರಿಯರೊಬ್ಬರು, "ಹಾವು ಕಚ್ಚಿದರೆ ಮೇಲೆ ಬಿಗಿದು ಕಟ್ಟಿ, ಬ್ಲೇಡಿನಿಂದ ಕೊಯ್ದು ರಕ್ತ ಬಿಡಿ, ಬೇರು ಕೊಡ್ತೀನಿ, ಸಾಕು" ಎನ್ನುತ್ತಾರೆ. ನಿಜವಾಗಿ ಏನೇನು ಒಯ್ಯಬೇಕು, ಏನು ಕಲಿತಿರಬೇಕು?

ಉತ್ತರ: ಚೀಲದ ಮಾತಿಗಿಂತ ಮೊದಲು ತಿಂಗಳು ಬದಲಿಸಿ. ಯುಗಾದಿ ದಾಟಿದರೆ ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಎಲೆ ಉದುರಿದ ಕಾಡಿನಲ್ಲಿ ನೆರಳೂ ಇರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಹೋದರೆ ನಿಮ್ಮ ಅರ್ಧ ಅಪಾಯ ಮನೆಯಲ್ಲೇ ಉಳಿಯುತ್ತದೆ. ಇದು 2011ರಲ್ಲಿ ಘೋಷಣೆಯಾದ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ, ಇಲಾಖೆ ತೋರಿಸಿದ ಜಾಗ ಬಿಟ್ಟು ಬೇರೆಲ್ಲೂ ರಾತ್ರಿ ಉಳಿಯುವಂತಿಲ್ಲ. ಬೇಟೆಯ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಮುಗಿಯಿತು. ಆದರೆ ಕದ್ದು ಹಾಕುವ ತಂತಿ ಉರುಳು, ಹಂದಿಗೆಂದು ಹಿಟ್ಟಿನಲ್ಲಿ ಸುತ್ತಿಡುವ ಸಿಡಿಮದ್ದಿನ ಉಂಡೆ, ಹೊಲದ ಅಂಚಿಗೆ ಬಿಟ್ಟ ಕರೆಂಟ್ ತಂತಿ ಇವೆಲ್ಲ ಕಾಲುದಾರಿ ಬಿಟ್ಟು ನಡೆಯುವವರಿಗೆ ಇವತ್ತಿಗೂ ಎದುರಾಗಬಹುದು. ದಾರಿಯಲ್ಲಿ ಬಿದ್ದ ಉಂಡೆಯನ್ನು ಯಾರೂ ಮುಟ್ಟಬಾರದು, ಒದೆಯಲೂಬಾರದು.

ಈಗ ಮುಖ್ಯ ವಿಷಯ. ಕಾಡಿನಲ್ಲಿ ನಿಮ್ಮ ಚೀಲ ಮಾಡಬಲ್ಲ ಕೆಲಸ ಬಹಳ ಸಣ್ಣದು. ರಸ್ತೆ ಮುಟ್ಟುವ ಮೊದಲೇ ಜೀವ ತೆಗೆಯುವಂಥವು ಕೆಲವೇ: ಚಿಮ್ಮುವ ರಕ್ತ, ಕಟ್ಟಿಹೋಗುವ ಉಸಿರು, ತಲೆಗೇರಿದ ಬಿಸಿಲು. ಇವನ್ನು ಅಲ್ಲೇ ನಿಭಾಯಿಸಬೇಕು. ಉಳಿದ ಎಲ್ಲದರಲ್ಲೂ ಚಿಕಿತ್ಸೆ ಅಂದರೆ ಮನುಷ್ಯನನ್ನು ಹೊರಗೆ ತರುವುದು. ಹಾಗಾಗಿ ತಯಾರಿಯ ಮುಕ್ಕಾಲು ಪಾಲು ಆಸ್ಪತ್ರೆಯ ದಾರಿಗೆ, ಕಾಲು ಪಾಲು ಗಾಜ್ ಬಟ್ಟೆಗೆ.

ಹೊರಡುವ ಹಿಂದಿನ ದಿನ ಚಿಂಚೋಳಿ ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ಮೂರು ಮಾತು ಕೇಳಿ. ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ ಈಗ ಸ್ಟಾಕಿನಲ್ಲಿದೆಯೇ, ಕನಿಷ್ಠ ಹತ್ತು ವಯಲ್ (ಸಣ್ಣ ಔಷಧಿ ಬಾಟಲಿ) ಇದೆಯೇ? ರಾತ್ರಿ ಡ್ಯೂಟಿ ಡಾಕ್ಟರ್ ಇರುತ್ತಾರೆಯೇ? ವೆಂಟಿಲೇಟರ್ ಬೇಕಾದರೆ ಯಾವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕಳಿಸುತ್ತಾರೆ, ಬೀದರಿನ ಬ್ರಿಮ್ಸ್‌ಗೋ, ಕಲಬುರಗಿಯ ಜಿಮ್ಸ್‌ಗೋ? ಚಿಂಚೋಳಿಯಿಂದ ಬೀದರ್ ಹತ್ತಿರ, ಕಲಬುರಗಿ ದೂರ. ಆದರೆ ಮನೆ ಇರುವುದು ಕಲಬುರಗಿಯಲ್ಲಿ ಎಂದು ಸ್ಟೀರಿಂಗ್ ತಾನಾಗಿಯೇ ಆ ಕಡೆ ತಿರುಗುತ್ತದೆ. ಆ ತಪ್ಪು ಆಗದಂತೆ ಆಸ್ಪತ್ರೆಗಳ ಹೆಸರನ್ನು ಒಂದು ಚೀಟಿಯಲ್ಲಿ ಅನುಕ್ರಮವಾಗಿ ಬರೆದು ಗಾಡಿಯ ಡ್ಯಾಶ್‌ಬೋರ್ಡಿಗೆ ಅಂಟಿಸಿ.

ಫೋನಿನ ವಿಷಯ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ 112ಕ್ಕೆ ಕರೆ ಹೋಗುವ ಸಾಧ್ಯತೆ ಇದೆ, ಯತ್ನಿಸಿ. ಮಾತು ಹೋಗದ ಜಾಗದಿಂದ ಎಸ್ಸೆಮ್ಮೆಸ್ ಹೋಗುವುದುಂಟು. ಕೊಂಚಾವರಂ ಕಡೆ ಗಡಿ ಹತ್ತಿರವಾದ್ದರಿಂದ ಫೋನು ತೆಲಂಗಾಣದ ಟವರ್ ಹಿಡಿದುಕೊಂಡರೆ ತುರ್ತು ಕರೆ ಅತ್ತಲೇ ಹೋಗಬಹುದು. ಎತ್ತಿದವರಿಗೆ ಮೊದಲ ವಾಕ್ಯದಲ್ಲೇ "ಕರ್ನಾಟಕ, ಕಲಬುರಗಿ ಜಿಲ್ಲೆ, ಚಿಂಚೋಳಿ ತಾಲ್ಲೂಕು" ಎಂದು ಹೇಳಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ. ಕಾಡಿನ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು, ಅಕ್ಷಾಂಶ ರೇಖಾಂಶ ಓದುವುದನ್ನು ಎಂಟೂ ಜನ ಕಲಿಯಿರಿ. ಆನ್‌ಲೈನಿನಲ್ಲಿ ಕಾಣುವ ಸ್ಯಾಟಲೈಟ್ ಸಂದೇಶದ ಸಾಧನಗಳನ್ನು ತರಿಸಬೇಡಿ. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅವನ್ನು ಇಟ್ಟುಕೊಂಡರೆ ಕೇಸಾಗುತ್ತದೆ. ಅದರ ಬದಲು ಊರಿನಲ್ಲಿ ಒಬ್ಬರಿಗೆ ದಾರಿಯ ನಕ್ಷೆ ಕೊಟ್ಟು, "ಇಷ್ಟು ಗಂಟೆಗೆ ನಮ್ಮ ಫೋನ್ ಬರದಿದ್ದರೆ ಅರಣ್ಯ ಇಲಾಖೆಗೂ 112ಕ್ಕೂ ತಿಳಿಸು" ಎಂದು ಹೇಳಿ ಹೋಗಿ.

ಇನ್ನು ಹಾವು. ನಮ್ಮ ಭಾಗದ ಮುರಂ ಗುಡ್ಡ, ಕಲ್ಲು ಸಂದಿಗಳಲ್ಲಿ ನೀವು ಹೆಚ್ಚು ಎಚ್ಚರ ಇರಬೇಕಾದದ್ದು ನಾಗರಹಾವಿಗಲ್ಲ, ಗರಗಸ ಮಂಡಲಕ್ಕೆ. ಅದು ಗೇಣು, ಒಂದೂವರೆ ಗೇಣಿನ ಹಾವು. ಮಣ್ಣಿನ ಬಣ್ಣ, ಸುರುಳಿ ಸುತ್ತಿಕೊಂಡು ಹುರುಪೆ ಉಜ್ಜಿ ಸರ್ರ್ ಎಂದು ಸದ್ದು ಮಾಡುತ್ತದೆ. ಗಾತ್ರ ನೋಡಿ "ಮರಿ, ಏನಾಗಲ್ಲ" ಎನ್ನುವವರೇ ಜಾಸ್ತಿ. ಇದರ ವಿಷ, ಕೊಳಕು ಮಂಡಲದ ವಿಷದಂತೆಯೇ, ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ತಿಂದುಹಾಕುತ್ತದೆ. ಹಿರಿಯರ ಬ್ಲೇಡು ಯಾಕೆ ಬೇಡ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಹೆಪ್ಪುಗಟ್ಟದ ರಕ್ತವಿರುವ ಕಾಲಿಗೆ ಕೊಯ್ದರೆ ಆ ಗಾಯವೇ ನಿಲ್ಲದೆ ಹರಿಯುತ್ತದೆ, ವಿಷ ಮಾತ್ರ ಅದರ ಜೊತೆ ಹೊರಗೆ ಬರುವುದಿಲ್ಲ. ಬಿಗಿದು ಕಟ್ಟಿದರೆ ಮಂಡಲದ ವಿಷ ಒಂದೇ ಕಡೆ ನಿಂತು ಮಾಂಸ ಕೊಳೆಸುತ್ತದೆ, ಬಿಚ್ಚಿದ ಕ್ಷಣಕ್ಕೆ ಒಮ್ಮೆಲೇ ಮೇಲೇರುತ್ತದೆ. ಯಾರಾದರೂ ಈಗಾಗಲೇ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಸರಕ್ಕನೆ ಬಿಚ್ಚಬೇಡಿ, ಆ ಕೆಲಸ ಡಾಕ್ಟರಿಗೆ ಬಿಡಿ. ಬೇರಿನ ಬಗ್ಗೆ ಹೇಳುವುದಾದರೆ, ಅದು ಕೊಲ್ಲುವುದಿಲ್ಲ, ಅದನ್ನು ಅರೆಯಲು ಹೋಗುವ ಮುಕ್ಕಾಲು ಗಂಟೆ ಕೊಲ್ಲುತ್ತದೆ.

ಕಚ್ಚಿದ ಕೂಡಲೇ ಹೀಗೆ ಮಾಡಿ. ಎಲ್ಲರೂ ಹಾವಿನಿಂದ ಹಿಂದೆ ಸರಿಯಿರಿ. ಹೊಡೆಯಲು ಹೋಗಿ ಇನ್ನೊಬ್ಬ ಕಚ್ಚಿಸಿಕೊಂಡರೆ ಹೊರಬೇಕಾದ ದೇಹ ಎರಡಾಗುತ್ತವೆ. ದೂರದಿಂದ ಫೋಟೋ ಸಿಕ್ಕರೆ ಸರಿ, ಸಿಗದಿದ್ದರೂ ಸರಿ. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಕೊಡುವ ಎಎಸ್‌ವಿ ಒಂದೇ. ಉಂಗುರ, ಬಳೆ, ಗಡಿಯಾರ, ಕಾಲ್ಗೆಜ್ಜೆ, ಶೂ ತೆಗೆಯಿರಿ. ಬಾವು ಏರಿದ ಮೇಲೆ ಅವು ಬರುವುದಿಲ್ಲ. ಮೂಳೆ ಮುರಿದ ಕಾಲಿಗೆ ಕಟ್ಟುವಂತೆ ಬಿದಿರ ಪಟ್ಟಿ ಇಟ್ಟು ಸಡಿಲವಾಗಿ ಕಟ್ಟಿ, ಒಂದು ಬೆರಳು ಒಳಗೆ ಹೋಗುವಷ್ಟು ಸಡಿಲ ಇರಲಿ. ನಡೆಸಬೇಡಿ, ಹೊತ್ತುಕೊಂಡು ಹೋಗಿ. ಸಾರಾಯಿ, ಚಹಾ, ನೋವಿನ ಮಾತ್ರೆ ಯಾವುದೂ ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮೂರೂ ರಕ್ತಸ್ರಾವ ಹೆಚ್ಚಿಸುತ್ತವೆ.

ಹೊರುವಾಗ ಒಬ್ಬರ ಕೆಲಸ ನೋಡುವುದು, ಬರೆಯುವುದು ಅಷ್ಟೇ. ಬಾವಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ, ಕಾಲು ಗಂಟೆಗೊಮ್ಮೆ ಹೊಸ ಗೆರೆ. ಒಸಡಿನಲ್ಲಿ ರಕ್ತ ಕಾಣುತ್ತಿದೆಯೇ ನೋಡಿ. ಪ್ರತಿ ಹತ್ತು ನಿಮಿಷಕ್ಕೆ "ಮೇಲೆ ನೋಡು" ಎನ್ನಿ. ರೆಪ್ಪೆ ಜೋತುಬಿದ್ದು, ಮೇಲೆ ನೋಡಲಿಕ್ಕೆ ಹುಬ್ಬು ಏರಿಸುತ್ತಿದ್ದರೆ ನರಕ್ಕೆ ವಿಷ ಏರುತ್ತಿದೆ ಎಂದರ್ಥ. ಇನ್ನೊಂದು ಪರೀಕ್ಷೆ: ಆಳವಾಗಿ ಉಸಿರೆಳೆದು ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲರು? ಮೊದಲ ಸಲ ಮೂವತ್ತಕ್ಕೆ ಹೋದವರು ಆಮೇಲೆ ಹದಿನೆಂಟಕ್ಕೆ, ಹತ್ತಕ್ಕೆ ಇಳಿದರೆ ಉಸಿರಾಟದ ಸ್ನಾಯು ಸೋಲುತ್ತಿದೆ. ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಆರು ಸೆಕೆಂಡಿಗೊಂದು ಉಸಿರು ಕೊಡಿ, ಆಸ್ಪತ್ರೆ ಮುಟ್ಟುವವರೆಗೂ ಬಿಡಬೇಡಿ. ನಾಗರ ಅಥವಾ ಕಟ್ಟು ಹಾವು ಕಚ್ಚಿ ಕಣ್ಣು ಮುಚ್ಚಿ ಹೆಣದಂತೆ ಬಿದ್ದವರಿಗೆ ಒಳಗೆ ಎಚ್ಚರವಿದ್ದು, ಸುತ್ತಲಿನ ಮಾತು ಕೇಳಿಸುತ್ತಿರಬಹುದು. ಅವರ ಮುಂದೆ "ಹೋಯ್ತು" ಎನ್ನಬೇಡಿ.

ಕಟ್ಟು ಹಾವಿಗೆ ಒಂದು ಪ್ರತ್ಯೇಕ ಮಾತು. ಅದು ರಾತ್ರಿ ನೆಲಕ್ಕೆ ಮಲಗಿದವರನ್ನು ಕಚ್ಚುತ್ತದೆ. ಗುರುತೂ ಕಾಣದೆ, ನೋವೂ ಆಗದೆ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ರೆಪ್ಪೆ ಭಾರ ಎಂದು ಎದ್ದವರನ್ನು "ರಾತ್ರಿ ಊಟ ಹೆಚ್ಚಾಯಿತು" ಎಂದು ಮಲಗಿಸಿದರೆ ಮುಗಿಯಿತು. ಹೊರಸಿನ ಮೇಲೆ ಮಲಗಿ, ಅಥವಾ ತಳ ಹೊಲಿದ ಟೆಂಟಿನಲ್ಲಿ. ಸೊಳ್ಳೆ ಪರದೆ ಇದ್ದರೆ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ.

ಆಸ್ಪತ್ರೆಯಲ್ಲಿ ಜಗಳಕ್ಕೆ ನಿಲ್ಲಬೇಡಿ. ವಿಷ ಏರಿದ ಲಕ್ಷಣ ಇಲ್ಲದೆ ಎಎಸ್‌ವಿ ಕೊಡುವುದಿಲ್ಲ, ಕೊಡಲೂಬಾರದು. ಆ ಮದ್ದಿನಿಂದಲೇ ತೀವ್ರ ಅಲರ್ಜಿ ಆಗಬಹುದು. ಅದೇ ಕಾರಣಕ್ಕೆ ಅದು ನಿಮ್ಮ ಚೀಲದಲ್ಲೂ ಇರಬಾರದು. ಡಾಕ್ಟರು ಎರಡು ಮಿಲಿ ರಕ್ತವನ್ನು ಒಣ ಗಾಜಿನ ಕೊಳವೆಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಬಳಿಕ ಓರೆ ಮಾಡಿದಾಗ ರಕ್ತ ನೀರಿನಂತೆ ಹರಿದರೆ ಮಂಡಲದ ವಿಷ ಖಾತ್ರಿ. ಸಾಮಾನ್ಯವಾಗಿ ಮೊದಲ ಸಲಕ್ಕೆ 8ರಿಂದ 10 ವಯಲ್, ಮಕ್ಕಳಿಗೂ ಅಷ್ಟೇ. ಹಾವು ಚುಚ್ಚುವ ವಿಷದ ಪ್ರಮಾಣ ಕಚ್ಚಿಸಿಕೊಂಡವರ ವಯಸ್ಸು ನೋಡಿ ಕಡಿಮೆಯಾಗುವುದಿಲ್ಲವಲ್ಲ. ಲಕ್ಷಣ ಇಲ್ಲದಿದ್ದರೂ 24 ಗಂಟೆ ಅಲ್ಲೇ ಇರಬೇಕು. 2024ರ ಫೆಬ್ರವರಿಯಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯವಾಗಿದೆ, ಆದ್ದರಿಂದ ಹೆಸರು, ಊರು ಕೇಳಿದರೆ ಗಾಬರಿ ಬೇಡ.

ಬಿಗಿದು ಕಟ್ಟುವುದು ಹಾವಿಗೆ ತಪ್ಪು, ಚಿಮ್ಮುವ ರಕ್ತಕ್ಕೆ ಸರಿ. ಇವೆರಡನ್ನು ಅದಲುಬದಲು ಮಾಡಿಕೊಳ್ಳುವವರೇ ಬಹಳ. ಕಾಡುಹಂದಿ ಕೋರೆಯಿಂದ ಎತ್ತಿ ಸೀಳುವುದು ಮೊಣಕಾಲಿನಿಂದ ತೊಡೆಸಂದಿಯವರೆಗೆ. ಅಲ್ಲಿ ದೊಡ್ಡ ರಕ್ತನಾಳ ಹರಿದರೆ ನಿಮ್ಮ ಕೈಯಲ್ಲಿರುವುದು ಕೆಲವೇ ನಿಮಿಷ. ಗಾಯದ ಮೇಲೆ ಅರಿಶಿನ ಸುರಿದು ಮೇಲಿನಿಂದ ಬ್ಯಾಂಡೇಜ್ ಸುತ್ತಿದರೆ ಒಳಗೆ ರಕ್ತ ಹರಿಯುತ್ತಲೇ ಇರುತ್ತದೆ. ಪ್ಯಾಂಟ್ ಕತ್ತರಿಸಿ ಗಾಯ ಕಾಣುವಂತೆ ಮಾಡಿ. ಬೆರಳು ಒಳಗಿಟ್ಟು ಬಿಸಿಯಾಗಿ ಬಡಿಯುತ್ತಾ ಉಕ್ಕುವ ಜಾಗ ಹುಡುಕಿ ಒತ್ತಿ ಹಿಡಿಯಿರಿ. ಆ ಬೆರಳಿನ ಪಕ್ಕದಿಂದಲೇ ಗಾಜ್ ರೋಲಿನ ತುದಿಯನ್ನು ಗಾಯದ ತಳಕ್ಕೆ ತುರುಕಿ, ಚೀಲಕ್ಕೆ ತೊಗರಿ ತುಂಬುವಂತೆ ಬಿಗಿಯಾಗಿ ಗಾಯ ತುಂಬಿ ಮೇಲೆ ಗುಡ್ಡೆ ಬರುವವರೆಗೆ ಹಾಕುತ್ತಾ ಹೋಗಿ. ಆಮೇಲೆ ಎರಡೂ ಅಂಗೈ ಇಟ್ಟು, ತೋಳು ನೆಟ್ಟಗೆ ಮಾಡಿ, ಮೈಭಾರ ಬಿಟ್ಟು ಹತ್ತು ನಿಮಿಷ ಒತ್ತಿ. ಗಡಿಯಾರ ನೋಡಿ ಹತ್ತು ನಿಮಿಷ. ನಡುವೆ "ನಿಂತಿತಾ" ಎಂದು ಎತ್ತಿ ನೋಡಿದರೆ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು.

ತೋಳು, ಕಾಲಿನ ರಕ್ತ ಒತ್ತಡಕ್ಕೆ ನಿಲ್ಲದಿದ್ದರೆ ಟೂರ್ನಿಕೆ, ಅಂದರೆ ರಕ್ತ ನಿಲ್ಲಿಸುವ ಬಿಗಿ ಪಟ್ಟಿ ಹಾಕಬೇಕು. ಗಾಯದಿಂದ ನಾಲ್ಕು ಬೆರಳು ಮೇಲೆ, ಕೀಲಿನ ಮೇಲಲ್ಲ. ರೆಡಿಮೇಡ್ ಇಲ್ಲದಿದ್ದರೆ ನಾಲ್ಕು ಸೆಂಟಿಮೀಟರಿಗಿಂತ ಅಗಲದ ಬಟ್ಟೆ ಪಟ್ಟಿ ಸುತ್ತಿ ಒಂದು ಗಂಟು ಹಾಕಿ, ಗಂಟಿನ ಮೇಲೆ ಗೇಣುದ್ದದ ಗಟ್ಟಿ ಕೋಲಿಟ್ಟು ಇನ್ನೊಂದು ಗಂಟು ಬಿಗಿದು, ರಕ್ತ ನಿಲ್ಲುವವರೆಗೆ ಕೋಲನ್ನು ತಿರುವಿ, ಆಮೇಲೆ ಕೋಲಿನ ತುದಿಯನ್ನು ಕಟ್ಟಿ. ತೊಗರಿ ಕಟ್ಟಿಗೆ ತಿರುವುವಾಗ ಮುರಿಯುತ್ತದೆ, ಬಿದಿರೇ ಆಗಬೇಕು. ಹಗ್ಗ, ಶೂ ಲೇಸ್, ತಂತಿ ಚರ್ಮ ಕೊಯ್ಯುತ್ತವೆಯೇ ಹೊರತು ರಕ್ತ ನಿಲ್ಲಿಸುವುದಿಲ್ಲ. ಅರೆಬರೆ ಬಿಗಿದರೆ ಇನ್ನೂ ಕೆಟ್ಟದ್ದು: ಒಳಗೆ ಹೋಗುವ ರಕ್ತ ಹೋಗುತ್ತಲೇ ಇದ್ದು ವಾಪಸ್ ಬರುವುದು ಮಾತ್ರ ನಿಂತು ಗಾಯ ಜಾಸ್ತಿ ಸುರಿಯುತ್ತದೆ. ಸರಿಯಾಗಿ ಬಿಗಿದರೆ ಪೇಷಂಟ್ ನೋವಿಗೆ ಕೂಗುತ್ತಾರೆ, ಅದಕ್ಕೆ ಸಡಿಲಿಸಬೇಡಿ. ಹಣೆಯ ಮೇಲೆ ಗಂಟೆ ಬರೆಯಿರಿ. ಎರಡು ಗಂಟೆಯೊಳಗೆ ಆಸ್ಪತ್ರೆ ಮುಟ್ಟುವುದು ಗುರಿ. ಹೊಟ್ಟೆ ಸೀಳಿ ಕರುಳು ಹೊರಗೆ ಬಂದಿದ್ದರೆ ಒಳಗೆ ತಳ್ಳಬೇಡಿ, ಒದ್ದೆ ಮಾಡಿದ ಶುದ್ಧ ಬಟ್ಟೆ ಹೊದಿಸಿ, ಮೊಣಕಾಲು ಮಡಿಸಿ ಮಲಗಿಸಿ ಒಯ್ಯಿರಿ.

ಬಿಸಿಲಿನ ವಿಷಯದಲ್ಲಿ ಒಂದೇ ಪ್ರಶ್ನೆ: ಮಾತು ಸರಿಯಾಗಿದೆಯೇ? ತಲೆನೋವು, ವಾಂತಿ, ಸುಸ್ತು ಇದ್ದು ಮಾತು ನೆಟ್ಟಗಿದ್ದರೆ ನೆರಳು, ಓಆರ್‌ಎಸ್, ವಿಶ್ರಾಂತಿ ಸಾಕು. ಅಡ್ಡಾದಿಡ್ಡಿ ಮಾತಾಡಿದರೆ, ತೂರಾಡಿದರೆ, ಜಗಳ ತೆಗೆದರೆ ಅದು ಬಿಸಿಲಾಘಾತ. ಬೆವರುತ್ತಿದ್ದಾನೆ ಎಂದು ಬಿಡಬೇಡಿ. ನಡೆಯುತ್ತಾ ಬಂದ ಬಿಸಿಲಾಘಾತದಲ್ಲಿ ಬೆವರು ಇರಬಹುದು. ಇದೊಂದರಲ್ಲಿ ಮಾತ್ರ ಮೊದಲು ತಂಪು, ಆಮೇಲೆ ಗಾಡಿ. ಬಟ್ಟೆ ಬಿಚ್ಚಿ, ಕಾದ ಫರಸಿ ಕಲ್ಲಿನ ಮೇಲಲ್ಲ, ಕಂಬಳಿಯ ಮೇಲೆ ಮಲಗಿಸಿ. ಕುಡಿಯುವ ನೀರೇ ಇದ್ದರೂ ಮೈಗೆ ಸುರಿಯಿರಿ. ಒದ್ದೆ ಧೋತರ ಹೊದಿಸಿ ಇಬ್ಬರು ಗಾಳಿ ಹಾಕಿ, ಬಟ್ಟೆ ಬಿಸಿಯಾದ ಕೂಡಲೇ ಮತ್ತೆ ಒದ್ದೆ ಮಾಡಿ. ಹತ್ತಿರ ಹಳ್ಳದಲ್ಲಿ ನೀರಿದ್ದರೆ ತಲೆ ಹಿಡಿದುಕೊಂಡು ಕುತ್ತಿಗೆವರೆಗೆ ಮುಳುಗಿಸಿ. ಮಾತು ಸರಿಯಾಗುವವರೆಗೆ ಅಥವಾ ನಡುಕ ಬರುವವರೆಗೆ, ಸುಮಾರು ಅರ್ಧ ಗಂಟೆ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ, ಯಕೃತ್ತಿಗೆ ಹಾನಿ ಬೇರೆ.

ನೀರಿನ ಲೆಕ್ಕ: ಜನವರಿಯಲ್ಲಿ ತಲೆಗೆ ದಿನಕ್ಕೆ ನಾಲ್ಕು ಲೀಟರ್, ಏಪ್ರಿಲ್‌ನಲ್ಲಿ ನಡೆಯುವಾಗ ಗಂಟೆಗೆ ಮುಕ್ಕಾಲು ಲೀಟರ್. ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದ ಉಪ್ಪು ತೆಳುವಾಗಿ ಅದೂ ತಲೆ ಕೆಡಿಸುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಹುರಿದ ಶೇಂಗಾ ಜೊತೆಗಿರಲಿ. ಓಆರ್‌ಎಸ್ ಕೊಳ್ಳುವಾಗ 20.5 ಗ್ರಾಂ, ಒಂದು ಲೀಟರ್ ನೀರಿಗೆ ಎಂದು ಬರೆದಿರುವ ಪುಡಿಯನ್ನೇ ಕೇಳಿ. ಪುಡಿ ಮುಗಿದರೆ ಒಂದು ಲೀಟರಿಗೆ ಆರು ಸಪಾಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಹೆಜ್ಜೇನು ಡ್ಯಾಮಿನ ಗೋಡೆ, ಬಂಡೆಯ ಚಾಚು, ಎತ್ತರದ ಮರಗಳಲ್ಲಿ ಇರುತ್ತದೆ. ಅದರ ಕೆಳಗೆ ಅಡುಗೆ ಹೊಗೆ, ಸೆಂಟು, ಕೂಗಾಟ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ಓಡಿ, ನಿಲ್ಲಬೇಡಿ. ನೀರಿಗೆ ಹಾರಿದರೆ ತಲೆ ಎತ್ತುವುದನ್ನೇ ಅವು ಕಾಯುತ್ತವೆ. ಕೊಂಡಿಯನ್ನು ಉಗುರಿನಿಂದಲೋ ಎಟಿಎಂ ಕಾರ್ಡಿನಿಂದಲೋ ಬೇಗ ಕೆರೆದು ತೆಗೆಯಿರಿ. ಐವತ್ತಕ್ಕಿಂತ ಹೆಚ್ಚು ಕಡಿತ ಇದ್ದರೆ ಚೆನ್ನಾಗಿ ಕಂಡರೂ ಆಸ್ಪತ್ರೆಗೆ ಹೋಗಬೇಕು, ಕಿಡ್ನಿ ಆಮೇಲೆ ಕೈಕೊಡುತ್ತದೆ. ಒಂದೇ ಕಡಿತಕ್ಕೆ ಮೈಯೆಲ್ಲ ದದ್ದು, ದನಿ ಕಟ್ಟುವುದು, ಉಬ್ಬಸ, ತಲೆ ತಿರುಗುವುದು ಶುರುವಾದರೆ ಅಲರ್ಜಿಯ ಸೆಟ್ರಿಜಿನ್ ಮಾತ್ರೆ ಉಳಿಸುವುದಿಲ್ಲ. ಉಳಿಸುವುದು ಅಡ್ರಿನಲಿನ್: ದೊಡ್ಡವರಿಗೆ ಒಂದು ಮಿಲಿಯಲ್ಲಿ ಒಂದು ಮಿಲಿಗ್ರಾಂ ಇರುವ ಆಂಪ್ಯೂಲಿನಿಂದ ಅರ್ಧ ಮಿಲಿ, ತೊಡೆಯ ಹೊರಮಗ್ಗುಲಿನ ನಡುಭಾಗದ ಮಾಂಸಕ್ಕೆ. ಸುಧಾರಿಸದಿದ್ದರೆ ಐದು ನಿಮಿಷಕ್ಕೆ ಇನ್ನೊಮ್ಮೆ. ಇದಕ್ಕೆ ಡಾಕ್ಟರ್ ಚೀಟಿ ಬೇಕು, ಅವರಿಂದಲೇ ಇಬ್ಬರು ಚುಚ್ಚುವುದನ್ನು ಕಲಿಯಬೇಕು. ಕಲಿಯದಿದ್ದರೆ ಒಯ್ಯಬೇಡಿ. ಪೇಷಂಟನ್ನು ಮಲಗಿಸಿ ಕಾಲು ಎತ್ತರಿಸಿ, ಉಬ್ಬಸ ಜೋರಿದ್ದರೆ ಕೂರಿಸಿ. ಏನೇ ಆದರೂ ತಟ್ಟನೆ ಎಬ್ಬಿಸಿ ನಿಲ್ಲಿಸಬೇಡಿ.

ಚೇಳಿನಲ್ಲಿ ಕಪ್ಪು ದೊಡ್ಡದಕ್ಕಿಂತ ಸಣ್ಣ ಕೆಂಪು ಚೇಳು ಅಪಾಯ. ನೋವು ಕಡಿಮೆಯಾಗಿ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ಹೃದಯಕ್ಕೆ ತಟ್ಟಿದೆ ಎಂದು ತಿಳಿದು ಹೊರಡಿ. ಪ್ರಾಜೋಸಿನ್ ಮಾತ್ರೆಯಿಂದ ಇಂಥವರನ್ನು ಉಳಿಸಬಹುದೆಂದು ತೋರಿಸಿದವರು ಪಕ್ಕದ ಮಹಾರಾಷ್ಟ್ರದ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್. ಆದರೆ ಅದು ಬಿಪಿ ಇಳಿಸುವ ಮಾತ್ರೆ, ಕಾಡಿನಲ್ಲಿ ನೀವೇ ನುಂಗಿಸುವಂಥದ್ದಲ್ಲ. ತೋಳ, ನರಿ, ನಾಯಿ, ಯಾವುದು ಕಚ್ಚಿದರೂ 15 ನಿಮಿಷ ಸೋಪು, ಹರಿಯುವ ನೀರು, ಆಮೇಲೆ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್, ಅವತ್ತೇ ರೇಬೀಸ್ ಲಸಿಕೆ ಮತ್ತು ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಎಂಬ ರೇಬೀಸ್ ತಡೆಯುವ ಚುಚ್ಚುಮದ್ದು. ಸಿಡಿಲಿಗೆ "ಸಿಡಿಲು" ಮತ್ತು "ದಾಮಿನಿ" ಆ್ಯಪ್ ಹಾಕಿಕೊಳ್ಳಿ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ಮುಟ್ಟಬಹುದು. ಹಲವರು ಬಿದ್ದಿದ್ದರೆ ನರಳುತ್ತಿರುವವರನ್ನು ಬಿಟ್ಟು ಉಸಿರಿಲ್ಲದವರ ಎದೆ ಮೊದಲು ಒತ್ತಿ: ನಿಮಿಷಕ್ಕೆ 100ರಿಂದ 120, ಐದಾರು ಸೆಂಟಿಮೀಟರ್ ಆಳ, ಮೂವತ್ತಕ್ಕೆ ಎರಡು ಉಸಿರು.

ಇನ್ಸುಲಿನ್ ತಗೊಳ್ಳುವವರು ನಡೆಯುವ ದಿನ ಡೋಸ್ ಎಷ್ಟಿರಬೇಕೆಂದು ತಮ್ಮ ಡಾಕ್ಟರನ್ನು ಕೇಳಿಕೊಂಡೇ ಬರಲಿ. ದಿನವಿಡೀ ನಡೆದರೆ ಸಕ್ಕರೆ ಇಳಿಯುತ್ತದೆ. ಬೆವರು, ನಡುಕ, ತಬ್ಬಿಬ್ಬು ಕಂಡರೆ ಮೂರು ಟೀ ಚಮಚ ಗ್ಲೂಕೋಸ್, 15 ನಿಮಿಷಕ್ಕೆ ಮತ್ತೆ ಪರೀಕ್ಷೆ, ಆಮೇಲೆ ಒಂದು ರೊಟ್ಟಿ. ಬಿಸಿಲಾಘಾತವೋ ಸಕ್ಕರೆ ಇಳಿದದ್ದೋ ತಿಳಿಯದಿದ್ದರೆ ಗ್ಲೂಕೋಮೀಟರ್ ಹೇಳುತ್ತದೆ. ಇನ್ಸುಲಿನ್ ಬಾಟಲಿ ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿರಲಿ, ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. 54ರವರಿಗೆ ಎದೆ ಹಿಂಡಿದ ನೋವು ಬಂದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿಯಲಿ. ಹಾವಿನ ಕಡಿತಕ್ಕೆ ಕೊಡಬಾರದ ಅದೇ ಮಾತ್ರೆ ಇದು, ಹಾಗಾಗಿ ಸ್ಟ್ರಿಪ್ ಮೇಲೆ "ಎದೆನೋವಿಗೆ ಮಾತ್ರ" ಎಂದು ಬರೆದಿಡಿ.

ಈಗ ಚೀಲ. ಗಾಜ್ ರೋಲ್ ಆರು, 10 ಸೆಂಟಿಮೀಟರ್ ಕ್ರೇಪ್ ಬ್ಯಾಂಡೇಜ್ ನಾಲ್ಕು, 15ರದ್ದು ಎರಡು, ಸ್ಟೆರೈಲ್ ಪ್ಯಾಡ್ ಹತ್ತು, ಟೂರ್ನಿಕೆ ಒಂದು, ಮೀಟರ್ ಚೌಕದ ಹತ್ತಿ ಬಟ್ಟೆ ಮೂರು, ಗ್ಲೌಸ್ ನಾಲ್ಕು ಜೊತೆ, ದಪ್ಪ ಬಟ್ಟೆ ಕತ್ತರಿಸುವ ಕತ್ತರಿ, ಚಿಮಟ, ಗಾಯ ತೊಳೆಯಲು 50 ಮಿಲಿ ಸಿರಿಂಜ್, ಸೋಪು, ಪೊವಿಡೋನ್ ಅಯೋಡಿನ್, ಓಆರ್‌ಎಸ್ 16 ಪ್ಯಾಕೆಟ್, ಗ್ಲೂಕೋಸ್ ಪುಡಿ 200 ಗ್ರಾಂ, ಪ್ಯಾರಾಸಿಟಮಾಲ್ 500ರದ್ದು 20, ಸೆಟ್ರಿಜಿನ್ 10, ಎದೆನೋವಿನ ಆಸ್ಪಿರಿನ್ ಸ್ಟ್ರಿಪ್, ಗ್ಲೂಕೋಮೀಟರ್, ಅಳಿಸದ ಪೆನ್ನು. ಒಬ್ಬೊಬ್ಬರ ಹತ್ತಿರ ಟಾರ್ಚು, ಸೀಟಿ. ಎರಡೂವರೆ ಮೀಟರಿನ ಗಟ್ಟಿ ಬಿದಿರು ಎರಡು, ಕಂಬಳಿ ಒಂದು. ತಾಂಡಾ ಹತ್ತಿರವಿದ್ದರೆ ಅಲ್ಲಿನ ಹೊರಸಿಗಿಂತ ಒಳ್ಳೆಯ ಸ್ಟ್ರೆಚರ್ ಇಲ್ಲ. ಕಾಲುದಾರಿ ಗಾಡಿ ಹೋಗುವಷ್ಟಿದ್ದರೆ ಬೈಕಿನಲ್ಲಿ ಪೇಷಂಟನ್ನು ನಡುವೆ ಕೂರಿಸಿ ಹಿಂದೊಬ್ಬರು ತಬ್ಬಿ ಹಿಡಿದು ತರುವುದು ಇನ್ನೂ ಜಲ್ದಿ.

ಹೊರಡುವ ಹಿಂದಿನ ಭಾನುವಾರ ಒಂದು ಪರೀಕ್ಷೆ ಮಾಡಿ. ನಿಮ್ಮಲ್ಲಿ ಅತಿ ತೂಕದವರನ್ನು ಆ ಕಂಬಳಿ ಬಿದಿರಿನಲ್ಲಿ ಮಲಗಿಸಿ, ಉಬ್ಬುತಗ್ಗಿನ ಜಾಗದಲ್ಲಿ ಅರ್ಧ ಕಿಲೋಮೀಟರ್ ಹೊತ್ತು ನಡೆಯಿರಿ. ನಾಲ್ವರು ಹೊರಲಿ, ಇಬ್ಬರು ಬದಲಿಗೆ, ಒಬ್ಬರು ಮುಂದೆ ದಾರಿ ನೋಡಲಿ. ಹಿಡಿದ ಸಮಯ ಬರೆದುಕೊಳ್ಳಿ. ಅರ್ಧ ಗಂಟೆ ಹಿಡಿದರೆ ನಿಮ್ಮ ವೇಗ ಗಂಟೆಗೆ ಒಂದು ಕಿಲೋಮೀಟರ್, ಕತ್ತಲಾದರೆ ಅದರ ಅರ್ಧ. ಆಮೇಲೆ ನಕ್ಷೆ ತೆರೆದು, ಗಾಡಿ ನಿಲ್ಲಿಸುವ ಜಾಗದಿಂದ ಎಷ್ಟು ಒಳಗೆ ಹೋಗಬಹುದು ಎಂಬ ಗೆರೆ ಎಳೆಯಿರಿ.